ಬೆವರಿನ ಲೆಕ್ಕ, ಬಾಯಾರಿಕೆಯ ಮಾತು



ಸೆಪ್ಟೆಂಬರ್ ಮುಗಿಯುತ್ತಾ ಬಂದಂತೆ ದುಬೈ, ಶಾರ್ಜಾಗಳಲ್ಲಿ ಓಟದ ಋತು ಆರಂಭವಾಗುತ್ತದೆ. ಶೇಖ್ ಜಾಯೆದ್ ರಸ್ತೆಯಲ್ಲಿ ವಾಹನಗಳನ್ನು ತಡೆದು ಜನರಿಗೆ ಬಿಟ್ಟುಕೊಡುವ ನವೆಂಬರಿನ ದುಬೈ ರನ್, ಆ ಬಳಿಕ ಚಳಿಗಾಲದ ಹಾಫ್ ಮ್ಯಾರಥಾನ್, ಮ್ಯಾರಥಾನ್‌ಗಳು ಎದುರಿಗಿವೆ. ನಮ್ಮ ಸಂಘದ ಓಟದ ಬಳಗವೂ ಶನಿವಾರದ ಮುಂಜಾನೆಗಳಲ್ಲಿ ಜುಮೇರಾ ಕಡಲತೀರದ ಓಟದ ಹಾದಿಯಲ್ಲಿ, ಒಮ್ಮೊಮ್ಮೆ ಮುಷ್ರಿಫ್ ಉದ್ಯಾನದ ಮರಗಳ ನಡುವೆ ಸೇರತೊಡಗಿದೆ. ಬಳಗದ ಆರೋಗ್ಯದ ಹೊಣೆ ಹೊತ್ತ ಸ್ವಯಂಸೇವಕ ವೈದ್ಯರಾದ ನಾವು ಕೂಡ ಓಡುವವರೇ; ವೇಗ ಕಡಿಮೆ, ಉತ್ಸಾಹ ಹೆಚ್ಚು.

ಈ ಬಾರಿ ಬಳಗದಲ್ಲಿ ಹೊಸದೊಂದು ಕಾಣುತ್ತಿದೆ. ಹಲವರ ತೋಳಿನ ಮೇಲೆ ಅಂಗೈಗಿಂತ ಚಿಕ್ಕದಾದ ಒಂದು ಪಟ್ಟಿ ಅಂಟಿಕೊಂಡಿರುತ್ತದೆ. ಗಂಟೆಗೆ ಎಷ್ಟು ಬೆವರು ಹರಿಯಿತು, ಅದರೊಡನೆ ಎಷ್ಟು ಸೋಡಿಯಂ ಹೋಯಿತು, ಈಗ ಎಷ್ಟು ನೀರು ಕುಡಿಯಬೇಕು ಎಂಬುದನ್ನು ಅದು ಫೋನಿಗೆ ತಿಳಿಸುತ್ತದೆ. ಇನ್ನು ಕೆಲವರ ಕೈಗಡಿಯಾರವೇ ಓಟ ಮುಗಿದೊಡನೆ ಬೆವರಿನ ಅಂದಾಜು ಕೊಡುತ್ತದೆ. ಇವನ್ನು ಕೊಳ್ಳಬಹುದೇ, ಇವು ಹೇಳಿದಂತೆ ಕುಡಿಯಬಹುದೇ, ಊರಿನಿಂದ ಬಂದಿರುವ ಅಪ್ಪ ಅಮ್ಮನಿಗೂ ಒಂದು ಹಾಕಿಸಬಹುದೇ ಎಂಬ ಪ್ರಶ್ನೆಗಳು ನಮ್ಮ ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೆರಡು ಬಾರಿಯಾದರೂ ಬರುತ್ತಿವೆ. ಎಲ್ಲರಿಗೂ ಒಟ್ಟಾಗಿ ಉತ್ತರ ಹೇಳುವ ಪ್ರಯತ್ನವೇ ಈ ಬರಹ.

ಈ ನೆಲದ ಬೆವರು

ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಬಂದವರಿಗೆ ಬೆವರು ಹೊಸದಲ್ಲ. ಬೆಂಗಳೂರು, ಮೈಸೂರಿನ ತಂಪಿನಲ್ಲಿ ಬೆಳೆದವರಿಗೆ ಮಾತ್ರ ಇಲ್ಲಿಯ ಮೊದಲ ಬೇಸಿಗೆ ಒಂದು ಪರೀಕ್ಷೆ. ಆದರೆ ಕರಾವಳಿಯ ಬೆವರಿನ ಅನುಭವವಷ್ಟೇ ಇಲ್ಲಿ ಸಾಲದು. ಏಕೆಂದರೆ ಇಲ್ಲಿ ಎರಡು ಬಗೆಯ ಸೆಕೆಯಿದೆ. ಮರುಭೂಮಿಯ ಒಣಗಾಳಿ ಬೀಸುವ ದಿನ ಬೆವರು ಬಂದದ್ದೇ ತಿಳಿಯದಂತೆ ಆರಿಹೋಗುತ್ತದೆ. ಅಂಗಿ ಒಣಗಿಯೇ ಇರುತ್ತದೆ, ಟೋಪಿಯ ಅಂಚಿನಲ್ಲಿ ಉಪ್ಪಿನ ಬಿಳಿಗೆರೆ ಮಾತ್ರ ಉಳಿಯುತ್ತದೆ. ಕಡಲಿನ ತೇವಗಾಳಿ ಬೀಸುವ ದಿನ ಬೆವರು ಆರದೆ ಮೊಣಕೈಯಿಂದ ತೊಟ್ಟಿಕ್ಕುತ್ತದೆ.

ಈ ವ್ಯತ್ಯಾಸ ಮುಖ್ಯ. ದೇಹವನ್ನು ತಂಪುಗೊಳಿಸುವುದು ಬೆವರು ಹರಿಯುವುದಲ್ಲ, ಆರುವುದು. ಒಂದು ಲೀಟರು ಬೆವರು ಚರ್ಮದ ಮೇಲೆ ಪೂರ್ಣವಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿಯಷ್ಟು ಶಾಖವನ್ನು ಹೊತ್ತೊಯ್ಯುತ್ತದೆ. ನೆಲಕ್ಕೆ ತೊಟ್ಟಿಕ್ಕಿದ ಬೆವರು ನೀರನ್ನೂ ಉಪ್ಪನ್ನೂ ಕೊಂಡೊಯ್ಯುತ್ತದೆಯೇ ಹೊರತು ಶಾಖವನ್ನಲ್ಲ. ಆದ್ದರಿಂದ ಆಗಸ್ಟಿನ ತೇವದ ಮುಂಜಾವಿನಲ್ಲಿ ಪಟ್ಟಿ ತೋರಿಸುವ ದೊಡ್ಡ ಸಂಖ್ಯೆ ನಮ್ಮ ದೇಹ ಚೆನ್ನಾಗಿ ತಣಿಯುತ್ತಿದೆ ಎಂಬುದರ ಗುರುತಲ್ಲ. ತಣಿಯಲಾರದೆ ಹೆಣಗುತ್ತಿದೆ ಎಂಬುದರ ಗುರುತೂ ಆಗಿರಬಹುದು.

ಪಟ್ಟಿ ಏನನ್ನು ಅಳೆಯುತ್ತದೆ

ನಾವು ಎಂಬಿಬಿಎಸ್ ಓದುವ ಕಾಲದಲ್ಲಿ ಶರೀರಕ್ರಿಯಾಶಾಸ್ತ್ರದ ಗ್ರಂಥಗಳಲ್ಲಿ ಬೆವರಿಗೆ ದೊರೆಯುತ್ತಿದ್ದ ಪುಟಗಳು ಕೆಲವೇ. ರಕ್ತ, ಮೂತ್ರಗಳಿಗೆ ಪ್ರಯೋಗಾಲಯದಲ್ಲಿದ್ದ ಗೌರವ ಬೆವರಿಗೆ ಇರಲಿಲ್ಲ. ಆದರೂ ವೈದ್ಯಶಾಸ್ತ್ರದಲ್ಲಿ ಬೆವರು ಒಂದು ಮಹತ್ತ್ವದ ಸಾಕ್ಷ್ಯ ನುಡಿದಿದೆ. 1948ರ ಬೇಸಿಗೆಯಲ್ಲಿ ನ್ಯೂಯಾರ್ಕ್ ನಗರಕ್ಕೆ ಬಿಸಿಗಾಳಿ ಬಡಿದಾಗ ಸೆಕೆಗೆ ಬಳಲಿ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯುಳ್ಳವರು ಎದ್ದುಕಂಡರು. ಆ ಜಾಡು ಹಿಡಿದ ಡಾ. ಪಾಲ್ ಡಿ ಸಾಂಟ್ ಆಗ್ನೀಸ್ ಮತ್ತು ಸಂಗಡಿಗರು, ಅಂಥ ಮಕ್ಕಳ ಬೆವರಿನಲ್ಲಿ ಉಪ್ಪು ವಿಪರೀತವಾಗಿರುತ್ತದೆಂದು 1953ರಲ್ಲಿ ಪ್ರಕಟಿಸಿದರು. ಇಂದಿಗೂ ಆ ಕಾಯಿಲೆಯನ್ನು ಖಚಿತಪಡಿಸಲು ಬೆವರಿನ ಕ್ಲೋರೈಡ್ ಪರೀಕ್ಷೆಯನ್ನು ಮಾಡುತ್ತಾರೆ.

ಬೆವರನ್ನು ಪ್ರಯೋಗಾಲಯಕ್ಕೆ ಒಯ್ಯುವ ಬದಲು ಪ್ರಯೋಗಾಲಯವನ್ನೇ ಚರ್ಮದ ಮೇಲೆ ಅಂಟಿಸುವ ಯತ್ನ ಫಲ ಕೊಟ್ಟದ್ದು ಈಚೆಗೆ. 2016ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಲಿ ಜವೆ, ವೇ ಗಾವ್ ಮತ್ತು ಸಂಗಡಿಗರು ಬೆವರಿನ ಗ್ಲೂಕೋಸ್, ಲ್ಯಾಕ್ಟೇಟ್, ಸೋಡಿಯಂ, ಪೊಟ್ಯಾಸಿಯಂಗಳನ್ನು ಓಡುತ್ತಿರುವಾಗಲೇ ಅಳೆಯುವ ಪಟ್ಟಿಯನ್ನು ತೋರಿಸಿದರು. ಅದೇ ವರ್ಷ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜಾನ್ ರೋಜರ್ಸ್ ತಂಡ, ಕೂದಲೆಳೆಯಂಥ ಕಾಲುವೆಗಳಲ್ಲಿ ಬೆವರು ತುಂಬುತ್ತಾ ಬಣ್ಣ ಬದಲಿಸುವ ಮೆತ್ತನೆಯ ಪಟ್ಟಿಯನ್ನು ಸೈಕಲ್ ಸವಾರರ ಮೇಲೆ ಪರೀಕ್ಷಿಸಿತು. 2021ರಲ್ಲಿ ಗೇಟರೇಡ್ ಸಂಸ್ಥೆಯ ಪಟ್ಟಿ ಅಮೆರಿಕದ ಅಂಗಡಿಗಳಿಗೆ ಬಂದಿತು.

ಈಗ ನಮ್ಮ ಬಳಗದವರ ಮೈಮೇಲಿರುವವು ಸ್ಥೂಲವಾಗಿ ಮೂರು ಬಗೆಯವು. ಮೊದಲನೆಯದು ಬೆವರು ತುಂಬಿದ ಬಣ್ಣದ ಕಾಲುವೆಯ ಚಿತ್ರವನ್ನು ಓಟದ ನಂತರ ಫೋನಿನಲ್ಲಿ ತೆಗೆದು ಲೆಕ್ಕ ಹಾಕುವುದು. ಒಂದೇ ಬಾರಿಯ ಬಳಕೆಗೆ. ಎರಡನೆಯದು ಬೆವರಿನ ವಿದ್ಯುತ್ ವಾಹಕತೆಯನ್ನು ಅಳೆಯುವುದು. ಉಪ್ಪು ಹೆಚ್ಚಾದಷ್ಟೂ ವಾಹಕತೆ ಹೆಚ್ಚುವುದರಿಂದ ಸೋಡಿಯಮ್ಮಿನ ಅಂದಾಜು ಓಡುತ್ತಿರುವಾಗಲೇ ಸಿಗುತ್ತದೆ. ಮೂರನೆಯದು ಕೈಗಡಿಯಾರ. ಇದು ಬೆವರನ್ನು ಮುಟ್ಟುವುದೇ ಇಲ್ಲ. ನಮ್ಮ ತೂಕ, ವೇಗ, ಹೃದಯ ಬಡಿತ, ಹವೆಯ ಉಷ್ಣಾಂಶಗಳಂಥ ಅಂಶಗಳಿಂದ ಬೆವರು ಇಷ್ಟಿರಬಹುದು ಎಂದು ಊಹಿಸುತ್ತದೆ. ಮೊದಲಿನ ಎರಡು ಅಳತೆ, ಮೂರನೆಯದು ಊಹೆ. ಈ ಭೇದ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದಿಲ್ಲ.

ಅಳೆಯುವ ಪಟ್ಟಿಗೂ ಮಿತಿಗಳಿವೆ. ಅದು ನೋಡುವುದು ತೋಳಿನ ಕೆಲವು ಚದರ ಸೆಂಟಿಮೀಟರ್ ಚರ್ಮವನ್ನು. ಹಣೆ, ಬೆನ್ನು, ತೋಳು, ತೊಡೆಗಳು ಸಮನಾಗಿ ಬೆವರುವುದಿಲ್ಲ. ತೋಳಿನ ಅಳತೆಯಿಂದ ಇಡೀ ಮೈಯ ಬೆವರನ್ನು ಒಂದು ಸೂತ್ರದಿಂದ ಲೆಕ್ಕ ಹಾಕಲಾಗುತ್ತದೆ. ಆ ಸೂತ್ರ ಹಲವರ ಸರಾಸರಿಗೆ ಹೊಂದುತ್ತದೆ, ನಮ್ಮಲ್ಲಿ ಒಬ್ಬೊಬ್ಬರಿಗೂ ಹೊಂದಬೇಕೆಂದಿಲ್ಲ. ನಮ್ಮ ಬಳಗದ ಒಬ್ಬರು ಕುತೂಹಲಕ್ಕೆ ಎರಡೂ ತೋಳಿಗೆ ಒಂದೊಂದು ಪಟ್ಟಿ ಹಾಕಿ ಓಡಿದರು. ಎರಡೂ ಒಂದೇ ಉತ್ತರ ಹೇಳಲಿಲ್ಲ.

ಎಲ್ಲಕ್ಕಿಂತ ದೊಡ್ಡ ಮಿತಿ ಬೇರೆಯೇ ಇದೆ. ಪಟ್ಟಿ ಅಳೆಯುವುದು ಹೊರಗೆ ಹೋದದ್ದನ್ನು, ಒಳಗೆ ಉಳಿದದ್ದನ್ನಲ್ಲ. ನಮ್ಮ ರಕ್ತದಲ್ಲಿ ಸೋಡಿಯಂ ಎಷ್ಟಿದೆ ಎಂಬುದು ಬೆವರಿನ ಸೋಡಿಯಂ ನೋಡಿ ತಿಳಿಯುವುದಿಲ್ಲ. ಆರೋಗ್ಯವಂತರ ರಕ್ತದಲ್ಲಿ ಅದು ಲೀಟರಿಗೆ 135ರಿಂದ 145 ಮಿಲಿಮೋಲ್‌ಗಳ ಕಿರಿದಾದ ಗಡಿಯೊಳಗಿರುತ್ತದೆ. ಬೆವರಿನಲ್ಲಾದರೋ ಒಬ್ಬರಿಗೆ 20, ಇನ್ನೊಬ್ಬರಿಗೆ 80 ಇದ್ದೀತು. ಇಬ್ಬರೂ ಆರೋಗ್ಯವಂತರೇ ಆಗಿರಬಹುದು.

ಒಂದು ಶನಿವಾರ ಕಲಿಸಿದ್ದು

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕಳೆದ ಋತುವಿನಲ್ಲಿ ನಡೆದದ್ದನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಹೆಸರು ಹೇಳದೆ ಇಲ್ಲಿ ದಾಖಲಿಸುತ್ತಿದ್ದೇವೆ.

ನಮ್ಮ ಬಳಗದ ದಂಪತಿಗಳಲ್ಲಿ ಯಜಮಾನರು ವೇಗವಾಗಿ ಓಡುವವರು, ಧಾರಾಳವಾಗಿ ಬೆವರುವವರು. ಅವರ ಪಟ್ಟಿಯ ಲೆಕ್ಕದ ಮೇಲೆ 15 ನಿಮಿಷಕ್ಕೊಮ್ಮೆ 200 ಮಿಲಿಲೀಟರ್ ಕುಡಿಯಬೇಕೆಂಬ ಸೂಚನೆ ಆಪ್‌ನಲ್ಲಿ ಸಿದ್ಧವಾಗಿತ್ತು. ಅದೇ ಸೂಚನೆಯನ್ನು ಅವರ ಮನೆಯವರೂ ತಮ್ಮ ಗಡಿಯಾರಕ್ಕೆ ಹಾಕಿಕೊಂಡು ಮೊದಲ ಬಾರಿಗೆ 18 ಕಿಲೋಮೀಟರ್ ಓಟಕ್ಕೆ ಬಂದರು. ಅವರದು ನಿಧಾನದ ಓಟ, ನಡುನಡುವೆ ನಡಿಗೆ. ಎರಡೂ ಮುಕ್ಕಾಲು ಗಂಟೆಯ ನಂತರ ಬಂದವರು ತಲೆನೋವು, ವಾಕರಿಕೆ ಎಂದು ಕುಳಿತರು. ಬೆರಳು ಊದಿ ಉಂಗುರ ಬಿಗಿಯಾಗಿತ್ತು. ಸುತ್ತಲಿದ್ದವರು ಬಿಸಿಲಿಗೆ ಸುಸ್ತಾಗಿದೆ ಎಂದು ಇನ್ನೊಂದು ಬಾಟಲಿ ನೀರು ಹಿಡಿದು ಬಂದರು.

ಅಂದು ನಮ್ಮ ಕಾರಿನಲ್ಲಿ ತೂಕದ ಯಂತ್ರವಿತ್ತು. ಓಟಕ್ಕೆ ಮುನ್ನ 58.2 ಕಿಲೋ ಇದ್ದವರು ಓಟದ ನಂತರ 58.9 ತೂಗಿದರು. ಸುಮಾರು ಮೂರು ಗಂಟೆ ಓಡಿದವರ ತೂಕ 700 ಗ್ರಾಂ ಏರಿತ್ತು. ಕುಡಿದದ್ದು 2.2 ಲೀಟರು, ಹಾಗಾದರೆ ಬೆವರಾಗಿ ಹೋದದ್ದು ಒಂದೂವರೆ ಲೀಟರು, ಗಂಟೆಗೆ ಅರ್ಧ ಲೀಟರಿಗಿಂತ ತುಸು ಹೆಚ್ಚು.

"ಡಾಕ್ಟ್ರೇ, ಅದು ಕುಡಿ ಕುಡಿ ಅಂತ ಕೈ ನಡುಗಿಸ್ತಾನೇ ಇತ್ತು. ಬಾಯಾರಿಕೆ ಇರ್ಲಿಲ್ಲ. ಆದ್ರೂ ಅದಕ್ಕೆ ಗೊತ್ತಿರತ್ತಲ್ಲ ಅಂತ ಕುಡೀತಾ ಹೋದೆ" ಎಂದರು ಅವರು.

ನೀರಿನ ಬಾಟಲಿಯನ್ನು ಹಿಂದೆ ಕಳುಹಿಸಿ ಅವರನ್ನು ಚಿಕಿತ್ಸಾಲಯಕ್ಕೆ ಕರೆದೊಯ್ದೆವು. ರಕ್ತದ ಸೋಡಿಯಂ 131 ಇತ್ತು. ರಕ್ತದೊತ್ತಡಕ್ಕೆಂದು ಅವರು ಥಯಜೈಡ್ ವರ್ಗದ ಮಾತ್ರೆ ತೆಗೆದುಕೊಳ್ಳುತ್ತಿದ್ದುದೂ ಆಗ ತಿಳಿಯಿತು. ನೀರು ನಿಲ್ಲಿಸಿ, ಉಪ್ಪು ಬೆರೆಸಿದ ಸಾರು ಕೊಟ್ಟು ಕಾದೆವು. ಹೆಚ್ಚಾದ ನೀರು ಮೂತ್ರವಾಗಿ ಹೊರಹೋಗಿ ಸಂಜೆಯ ಹೊತ್ತಿಗೆ ಅವರು ಚೇತರಿಸಿಕೊಂಡರು. ಇನ್ನೊಂದೆರಡು ಬಾಟಲಿ ಕುಡಿದಿದ್ದರೆ ಕತೆ ಬೇರೆಯಾಗುತ್ತಿತ್ತು.

ರಕ್ತದ ಸೋಡಿಯಂ ಹೀಗೆ ಕುಸಿಯುವುದನ್ನು ಹೈಪೋನೇಟ್ರೀಮಿಯಾ ಎನ್ನುತ್ತೇವೆ. ದೀರ್ಘವಾಗಿ ಓಡುವಾಗ ಮೆದುಳು ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ. ಅದು ಮೂತ್ರಪಿಂಡಗಳಿಗೆ ನೀರನ್ನು ಹಿಡಿದಿಡಲು ಹೇಳುತ್ತದೆ. ಆ ಹೊತ್ತಿನಲ್ಲಿ ಬೆವರಿಗಿಂತ ಹೆಚ್ಚು ಕುಡಿದರೆ ನೀರು ಹೊರಹೋಗಲು ದಾರಿಯಿಲ್ಲದೆ ರಕ್ತ ತೆಳುವಾಗುತ್ತದೆ. ನೀರು ಜೀವಕೋಶಗಳೊಳಗೆ ನುಗ್ಗುತ್ತದೆ. ಬೆರಳು ಊದಿದರೆ ಉಂಗುರ ಬಿಗಿಯಾದೀತು. ಮೆದುಳು ಊದಿದರೆ ತಲೆಬುರುಡೆಯೊಳಗೆ ಜಾಗವಿಲ್ಲ. ಗೊಂದಲ, ಫಿಟ್ಸ್, ಪ್ರಜ್ಞೆ ತಪ್ಪುವುದು, ಸಾವು ಕೂಡ ಸಂಭವಿಸಬಹುದು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 28 ವರ್ಷದ ಸಿಂಥಿಯಾ ಲೂಸೆರೊ ತೀರಿಕೊಂಡದ್ದು ಇದರಿಂದಲೇ. ಅದೇ ಓಟದಲ್ಲಿ ರಕ್ತಪರೀಕ್ಷೆ ಮಾಡಿಸಿಕೊಂಡ 488 ಮಂದಿಯ ವಿವರ 2005ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಶೇಕಡಾ 13ರಷ್ಟು ಓಟಗಾರರಲ್ಲಿ ಸೋಡಿಯಂ ಕಡಿಮೆಯಿತ್ತು. ಓಟದಲ್ಲಿ ತೂಕ ಏರಿದವರು, ಓಡಲು ನಾಲ್ಕು ಗಂಟೆಗಿಂತ ಹೆಚ್ಚು ತೆಗೆದುಕೊಂಡವರು ಅದರಲ್ಲಿ ಮುಂದಿದ್ದರು. ನೀರು ಕುಡಿದರೋ ಸ್ಪೋರ್ಟ್ಸ್ ಪಾನೀಯ ಕುಡಿದರೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ, ಪ್ರಮಾಣವೇ ಮುಖ್ಯವಾಗಿತ್ತು.

ಇಂಥ ಅನಾಹುತಕ್ಕೆ ಆಗಿನ ಸಲಹೆಗಳೂ ಒಂದಷ್ಟು ಕಾರಣ. 1996ರಲ್ಲಿ ಅಮೆರಿಕದ ಕ್ರೀಡಾವೈದ್ಯರ ಸಂಘಟನೆ ಗಂಟೆಗೆ 600ರಿಂದ 1,200 ಮಿಲಿಲೀಟರ್, ಅಥವಾ ಹೊಟ್ಟೆ ತಾಳುವಷ್ಟು ಕುಡಿಯಿರಿ ಎಂದಿತ್ತು. 2007ರಲ್ಲಿ ಅದೇ ಸಂಘಟನೆ ತನ್ನ ಸಲಹೆಯನ್ನು ತಿದ್ದಿ, ತೂಕ ಶೇಕಡಾ 2ಕ್ಕಿಂತ ಹೆಚ್ಚು ಇಳಿಯದಂತೆ, ಹಾಗೆಯೇ ಅತಿಯಾಗಿ ಕುಡಿಯದಂತೆ, ಅವರವರ ಬೆವರಿಗೆ ತಕ್ಕಂತೆ ಕುಡಿಯಲು ಹೇಳಿತು. ಎಲ್ಲರಿಗೂ ಒಂದೇ ಅಳತೆ ಎಂಬ ಹಳೆಯ ಸಲಹೆಯನ್ನು ವೈದ್ಯಶಾಸ್ತ್ರ ಕೈಬಿಟ್ಟ ಮೇಲೆ, ಒಬ್ಬರ ಅಳತೆಯನ್ನು ಇನ್ನೊಬ್ಬರ ಗಡಿಯಾರಕ್ಕೆ ಹಾಕಿ ನಾವೇ ಅದನ್ನು ಮರಳಿ ತರಬಾರದು.

ಹಾಗೆಂದು ನೀರು ಬಿಡಬಾರದು

ಇದನ್ನು ಓದಿ ಯಾರೂ ನೀರಿನ ಬಾಟಲಿ ಮನೆಯಲ್ಲಿಟ್ಟು ಬರಬಾರದು. ಈ ನೆಲದಲ್ಲಿ ನಿರ್ಜಲೀಕರಣ ನಿಜವಾದ ಅಪಾಯ. 70 ಕಿಲೋ ತೂಕದವರು 1.4 ಕಿಲೋಗಿಂತ ಹೆಚ್ಚು ಕಳೆದುಕೊಂಡರೆ ಹೃದಯ ಬಡಿತ ಏರುತ್ತದೆ, ಕಾಲು ಭಾರವಾಗುತ್ತದೆ, ದೇಹದ ಉಷ್ಣತೆ ಬೇಗ ಹೆಚ್ಚುತ್ತದೆ. ಆದರೆ ನೀರು ಸಾಕಷ್ಟು ಕುಡಿದವರಿಗೂ ಹೀಟ್ ಸ್ಟ್ರೋಕ್ ಆಗಬಹುದು ಎಂಬುದನ್ನು ಮರೆಯಬಾರದು. ಓಡುತ್ತಿರುವವರು ತಡವರಿಸಿ ಮಾತನಾಡಿದರೆ, ದಿಕ್ಕು ತಪ್ಪಿದಂತೆ ವರ್ತಿಸಿದರೆ, ಮೈ ಕೆಂಡದಂತಿದ್ದರೆ ಪಟ್ಟಿಯ ಸಂಖ್ಯೆ ನೋಡುತ್ತಾ ನಿಲ್ಲಬೇಡಿ. ಆಂಬುಲೆನ್ಸಿಗೆ ಕರೆ ಮಾಡಿ, ಅದು ಬರುವವರೆಗೆ ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸಿ. ತೊಟ್ಟಿಯಿಲ್ಲದಿದ್ದರೆ ಮೈತುಂಬ ತಣ್ಣೀರು ಸುರಿದು ಗಾಳಿ ಬೀಸಿ. ಮೊದಲು ತಂಪು, ಆಮೇಲೆ ಸಾಗಣೆ. ಈ ಋತುವಿನ ನಮ್ಮ ದೀರ್ಘ ಓಟಗಳಲ್ಲಿ ಮಂಜುಗಡ್ಡೆ ತುಂಬಿದ ತೊಟ್ಟಿಯೊಂದು ಇರುವಂತೆ ಸ್ವಯಂಸೇವಕರು ವ್ಯವಸ್ಥೆ ಮಾಡಿದ್ದಾರೆ.

ನಮ್ಮ ಕುಟುಂಬಗಳಿಗೇ ವಿಶೇಷವಾದ ಇನ್ನೊಂದು ಮಾತು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಕ್ಕಳ ಶಾಲೆಗೆ ರಜೆ; ಊರಿಗೆ ಹೋಗುತ್ತೇವೆ. ಅಲ್ಲಿ ಮಳೆ, ತಂಪು. ಆಗಸ್ಟಿನ ಕೊನೆಗೆ ಇಲ್ಲಿ ಬಂದಿಳಿದಾಗ ಹವೆಯ ತೇವ ಅತಿಯಾಗಿರುತ್ತದೆ. ದೇಹ ಶಾಖಕ್ಕೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಒಗ್ಗಿದ ಮೇಲೆ ಬೆವರು ಬೇಗ ಮತ್ತು ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಕೆಲವು ವಾರ ತಂಪಿನಲ್ಲಿದ್ದರೆ ಆ ಒಗ್ಗುವಿಕೆ ಕರಗಿಹೋಗುತ್ತದೆ. ಆದ್ದರಿಂದ ಜೂನಿನಲ್ಲಿ ಪಟ್ಟಿ ಹೇಳಿದ ಸಂಖ್ಯೆ ಸೆಪ್ಟೆಂಬರಿಗೆ ಸಲ್ಲದು, ಸೆಪ್ಟೆಂಬರಿನದು ಜನವರಿಗೆ ಸಲ್ಲದು. ಊರಿನಿಂದ ಬಂದ ಮೊದಲ ಎರಡು ವಾರ ದೂರವನ್ನೂ ವೇಗವನ್ನೂ ಅರ್ಧಕ್ಕಿಳಿಸಿ.

ಮಾತ್ರೆ, ಉಪ್ಪು ಮತ್ತು ಅಡುಗೆಮನೆ

ನಲವತ್ತು ದಾಟಿದ ನಮ್ಮ ಬಳಗದಲ್ಲಿ ಯಾವ ಮಾತ್ರೆಯನ್ನೂ ನುಂಗದವರು ಕಡಿಮೆ. ಆ ಮಾತ್ರೆಗಳ ವಿಷಯ ಪಟ್ಟಿಗೆ ಗೊತ್ತಿಲ್ಲ. ಥಯಜೈಡ್ ವರ್ಗದ ರಕ್ತದೊತ್ತಡದ ಮಾತ್ರೆ ಸೋಡಿಯಂ ಇಳಿಸಬಲ್ಲದು. ಸಕ್ಕರೆ ಕಾಯಿಲೆಗೆ ಕೊಡುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ಗಳು ಸಕ್ಕರೆಯೊಡನೆ ನೀರನ್ನೂ ಮೂತ್ರದಲ್ಲಿ ಹೊರಹಾಕುತ್ತವೆ. ಮೊಣಕಾಲು ನೋವಿಗೆಂದು ಓಟಕ್ಕೆ ಮುನ್ನ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗುವ ಅಭ್ಯಾಸವಂತೂ ಮೂತ್ರಪಿಂಡಗಳಿಗೆ ಎರಡು ಕಡೆಯ ಪೆಟ್ಟು, ದಯವಿಟ್ಟು ಬಿಡಿ. ಉಳಿದ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ದೀರ್ಘ ಓಟದ ತರಬೇತಿ ಆರಂಭಿಸುವ ಮುನ್ನ ನಿಮ್ಮ ವೈದ್ಯರಿಗೆ ಒಂದು ಮಾತು ಹೇಳಿ.

ಉಪ್ಪಿನ ವಿಷಯಕ್ಕೆ ಬಂದರೆ, ಓಟದ ನಂತರ ಆಪ್ "900 ಮಿಲಿಗ್ರಾಂ ಸೋಡಿಯಂ ಕಳೆದುಕೊಂಡಿರಿ" ಎಂದು ತೋರಿಸಿದಾಗ ಗಾಬರಿಯಾಗಿ ಉಪ್ಪಿನ ಮಾತ್ರೆ ತರಿಸುವವರಿದ್ದಾರೆ. ಅಷ್ಟು ಸೋಡಿಯಂ ಎರಡೂ ಕಾಲು ಗ್ರಾಂ ಉಪ್ಪಿಗೆ ಸಮ, ಅಂದರೆ ಅರ್ಧ ಚಮಚಕ್ಕಿಂತ ಕಡಿಮೆ. ಇಡೀ ದಿನಕ್ಕೆ 5 ಗ್ರಾಂ ಉಪ್ಪು ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಾರು, ಪಲ್ಯ, ಹಪ್ಪಳ, ಉಪ್ಪಿನಕಾಯಿಗಳ ನಮ್ಮ ಊಟದಲ್ಲಿ ಆ ಗಡಿ ಮೀರುವುದೇ ಸುಲಭ. ಒಂದು ಗಂಟೆಯೊಳಗಿನ ಓಟಕ್ಕೆ ಹೋದ ಉಪ್ಪು ಬೆಳಗಿನ ತಿಂಡಿಯಲ್ಲಿಯೇ ಮರಳಿ ಬರುತ್ತದೆ. ಎರಡು ಗಂಟೆ ಮೀರಿದ ಓಟಕ್ಕೆ, ಟೋಪಿಯ ಮೇಲೆ ಬಿಳಿಗೆರೆ ಮೂಡುವಷ್ಟು ಉಪ್ಪು ಬೆವರುವವರಿಗೆ ಮಾತ್ರ ಪಾನೀಯದಲ್ಲಿ ತುಸು ಉಪ್ಪು ಬೇಕಾದೀತು.

ಅದಕ್ಕೂ ದುಬಾರಿ ಪುಡಿಗಳು ಬೇಕೆಂದಿಲ್ಲ. ಉಪ್ಪು ಹಾಕಿದ ನೀರುಮಜ್ಜಿಗೆ, ಚಿಟಿಕೆ ಉಪ್ಪಿನ ಪುನರ್ಪುಳಿ ಶರಬತ್ತು, ಬೆಲ್ಲ ನಿಂಬೆಹಣ್ಣಿನ ಪಾನಕಕ್ಕೆ ಬೆರೆಸಿದ ಒಂದಿಷ್ಟು ಉಪ್ಪು, ಓಟದ ನಂತರ ಉಪ್ಪಿನಕಾಯಿಯೊಡನೆ ಗಂಜಿ. ಇವೆಲ್ಲ ಬಿಸಿಲಲ್ಲಿ ದುಡಿದವರ ಅನುಭವದಿಂದ ಬಂದವು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಇದಕ್ಕೆ ತಿರುಗುಮುರುಗು. ಮೂತ್ರಪಿಂಡದ ತೊಂದರೆಯುಳ್ಳವರು ಎಳನೀರನ್ನು ವೈದ್ಯರನ್ನು ಕೇಳದೆ ಕುಡಿಯಬಾರದು.

ಹಿರಿಯರು ಮತ್ತು ದುಡಿಯುವವರು

ಅಪ್ಪ ಅಮ್ಮನಿಗೆ ಪಟ್ಟಿ ಬೇಡ. ವಯಸ್ಸಾದಂತೆ ಬಾಯಾರಿಕೆ ಮಂದವಾಗುತ್ತದೆ ಎಂಬ ನಿಮ್ಮ ಆತಂಕ ಸರಿ. ಆದರೆ ಈ ಪಟ್ಟಿಗಳು ವ್ಯಾಯಾಮದಲ್ಲಿ ಧಾರಾಳವಾಗಿ ಬೆವರುವವರಿಗಾಗಿ ಮಾಡಿದವು. ಏಸಿ ಕೋಣೆಯಲ್ಲಿ ಕುಳಿತ ಹಿರಿಯರ ತೋಳಿನಲ್ಲಿ ಅವಕ್ಕೆ ಅಳೆಯಲು ಏನೂ ಸಿಗುವುದಿಲ್ಲ. ತಿಂಡಿ, ಊಟ, ಸಂಜೆಯ ಕಾಫಿಯ ಜೊತೆಗೆ ಒಂದೊಂದು ಲೋಟ ನೀರೋ ಮಜ್ಜಿಗೆಯೋ ಕೊಡುವ ಮಗಳು, ಸೊಸೆ, ಮಗ, ಅಳಿಯಂದಿರೇ ಅವರ ಸಂವೇದಕ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ನೀರಿನ ಮಿತಿ ಹಾಕಿದ್ದರೆ ಆ ಮಿತಿಯನ್ನೇ ಪಾಲಿಸಿ.

ಓಡುವ ನಾವು ಬೆವರುವುದು ನಮ್ಮ ಇಚ್ಛೆಯಿಂದ. ಇದೇ ನಗರದಲ್ಲಿ ಇಚ್ಛೆಯ ಮಾತಿಲ್ಲದೆ ಬೆವರುವವರು ಲಕ್ಷಾಂತರ ಮಂದಿ. ಅವರಲ್ಲಿ ನಮ್ಮ ರಾಜ್ಯದವರೂ ಇದ್ದಾರೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮ ಇಲ್ಲಿದೆ. ಕಾರ್ಮಿಕರ ವಸತಿಗಳಲ್ಲಿ ಆರೋಗ್ಯ ತಪಾಸಣೆಗೆ ಹೋದಾಗ ಶೌಚಾಲಯದ ಗೋಡೆಯ ಮೇಲೆ ಮೂತ್ರದ ಬಣ್ಣಗಳ ಪಟ್ಟಿಯೊಂದನ್ನು ಕಾಣುತ್ತೇವೆ. ತಿಳಿಹಳದಿಯಿದ್ದರೆ ಸರಿ, ಕಡುಹಳದಿ, ಕಂದು ಆದರೆ ನೀರು ಸಾಲದು. ಆ ಕಾಗದಕ್ಕೆ ಬ್ಯಾಟರಿ ಬೇಡ, ಆಪ್ ಬೇಡ. ಅದು ನಮಗೂ ಆಗುತ್ತದೆ.

ನಮ್ಮ ಸಲಹೆ

ಹಾಗಾದರೆ ಪಟ್ಟಿಯಿಂದ ಪ್ರಯೋಜನವಿಲ್ಲವೇ? ಇದೆ, ಗುರುವಾಗಿ ಅಲ್ಲ, ಲೆಕ್ಕ ಕಲಿಸುವ ಸಹಾಯಕನಾಗಿ. ಬೆವರು ಎಂಬುದು ಎಷ್ಟು ವ್ಯಕ್ತಿಗತವಾದದ್ದು ಎಂದು ಅದು ತೋರಿಸಿಕೊಟ್ಟಿತು. ಆ ದಂಪತಿಗಳ ವ್ಯತ್ಯಾಸ ಸಂಖ್ಯೆಯಲ್ಲಿ ಕಂಡದ್ದರಿಂದಲೇ ಬಳಗದ ಎಲ್ಲರಿಗೂ ಮನದಟ್ಟಾಯಿತು. ಮ್ಯಾರಥಾನಿಗೆ ಸಿದ್ಧರಾಗುವವರು, ವಿಪರೀತ ಬೆವರುವವರು, ಉಪ್ಪು ಹೆಚ್ಚು ಕಳೆದುಕೊಳ್ಳುತ್ತೇವೆಂಬ ಸಂಶಯವುಳ್ಳವರು ಬೇರೆ ಬೇರೆ ಹವೆಯಲ್ಲಿ ನಾಲ್ಕಾರು ಓಟಗಳಿಗೆ ಧರಿಸಿ ತಮ್ಮ ಬೆವರಿನ ಸ್ವಭಾವವನ್ನು ಅರಿಯಬಹುದು. ಐದು ಹತ್ತು ಕಿಲೋಮೀಟರ್ ಓಡುವವರಿಗೆ ಅದರ ಅಗತ್ಯವಿಲ್ಲ.

ಪಟ್ಟಿಯಿದ್ದರೂ ಇಲ್ಲದಿದ್ದರೂ ಒಮ್ಮೆ ಈ ಲೆಕ್ಕ ಮಾಡಿ ನೋಡಿ. ಮೂತ್ರ ಮಾಡಿ ಬಂದು, ಹಗುರ ಉಡುಪಿನಲ್ಲಿ ತೂಕ ನೋಡಿ. ಓಡಿ. ಬೆವರು ಒರೆಸಿಕೊಂಡು, ಒದ್ದೆಯಾದ ಬಟ್ಟೆ ಬದಲಿಸಿ ಮತ್ತೆ ನೋಡಿ. ಉದಾಹರಣೆಗೆ 72 ಕಿಲೋ ಇದ್ದವರು ಒಂದೂಕಾಲು ಗಂಟೆ ಓಡಿ 70.9ಕ್ಕೆ ಇಳಿದರು, ನಡುವೆ ಅರ್ಧ ಲೀಟರು ಕುಡಿದರು, ಮೂತ್ರ ಮಾಡಲಿಲ್ಲ ಎಂದಿಟ್ಟುಕೊಳ್ಳಿ. ಇಳಿದ 1.1 ಕಿಲೋಗೆ ಕುಡಿದ 0.5 ಸೇರಿಸಿದರೆ 1.6 ಲೀಟರು ಬೆವರು. ಗಂಟೆಗೆ ಸುಮಾರು 1.3 ಲೀಟರು. ತೂಕ ಶೇಕಡಾ ಒಂದೂವರೆಯಷ್ಟು ಇಳಿದಿದೆ, ಚಿಂತೆಯಿಲ್ಲ. ಇಡೀ 1.3 ಲೀಟರನ್ನೂ ಪ್ರತಿ ಗಂಟೆ ಕುಡಿದು ತುಂಬಿಸಬೇಕಿಲ್ಲ. ಬಾಯಾರಿದಷ್ಟು ಕುಡಿಯಿರಿ, ಉಳಿದದ್ದನ್ನು ಮನೆಗೆ ಬಂದು ಊಟದೊಡನೆ ನಿಧಾನವಾಗಿ ತುಂಬಿಸಿಕೊಳ್ಳಿ. ತೂಕ ಏರಿದ್ದರೆ ಮಾತ್ರ ಅದು ಎಚ್ಚರಿಕೆ: ಅಂದು ನೀವು ಬೇಕಾದುದಕ್ಕಿಂತ ಹೆಚ್ಚು ಕುಡಿದಿದ್ದೀರಿ.

ಗಡಿಯಾರದ "ಕುಡಿಯಿರಿ" ಎಂಬ ಸೂಚನೆಯನ್ನು ಆರಿಸಿಬಿಡಿ. ಇಟ್ಟುಕೊಳ್ಳಲೇಬೇಕೆಂದರೆ ಬಾಟಲಿ ತೆರೆಯುವ ಆಜ್ಞೆಯಾಗಿ ಅಲ್ಲ, ಬಾಯಾರಿಕೆಯಾಗಿದೆಯೇ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳುವ ನೆನಪಾಗಿ ಇಟ್ಟುಕೊಳ್ಳಿ. ರಕ್ತ ಶೇಕಡಾ ಒಂದೆರಡರಷ್ಟು ಗಟ್ಟಿಯಾದೊಡನೆ ಮೆದುಳಿನ ಹೈಪೋಥಾಲಮಸ್ ಅದನ್ನು ಗುರುತಿಸಿ ಬಾಯಾರಿಕೆಯನ್ನು ಎಬ್ಬಿಸುತ್ತದೆ. ಹೊರಗೆ ಹೋದದ್ದನ್ನಲ್ಲ, ಒಳಗೆ ಉಳಿದದ್ದನ್ನೇ ಅಳೆಯುವ ಸಂವೇದಕವದು. ಆರೋಗ್ಯವಂತ ಓಟಗಾರರು ಅದರ ಮಾತನ್ನು ಮೊದಲು ಕೇಳಬೇಕು; ಪಟ್ಟಿಯ ಮಾತನ್ನು ಆಮೇಲೆ.

ಮುಂದಿನ ನಾಲ್ಕು ಶನಿವಾರಗಳ ಓಟಕ್ಕೆ ತೂಕದ ಯಂತ್ರ, ಬರೆದಿಡಲು ಒಂದು ಪುಸ್ತಕ, ಓಆರ್‌ಎಸ್ ಪೊಟ್ಟಣಗಳು ನಮ್ಮ ಬಳಿ ಇರುತ್ತವೆ. ಪಟ್ಟಿಯುಳ್ಳವರು ಅದನ್ನೂ ಧರಿಸಿ ಬನ್ನಿ; ಎರಡೂ ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ನೀವು ತೆಗೆದುಕೊಳ್ಳುವ ಮಾತ್ರೆಗಳ ಹೆಸರನ್ನು ಚೀಟಿಯಲ್ಲಿ ಬರೆದು ತಂದರೆ ನಮಗೆ ಅನುಕೂಲ. ಓಟ ಮುಗಿದ ಮೇಲೆ ಎಂದಿನಂತೆ ಇಡ್ಲಿ, ನೀರುಮಜ್ಜಿಗೆ ಇದ್ದೇ ಇರುತ್ತದೆ. ಬಾಯಾರಿದಷ್ಟು ಕುಡಿಯಲು ಅಡ್ಡಿಯಿಲ್ಲ.